ಹಸಿರು ಬಾಗಿಲಿನ ಕಳ್ಳ

ಸತ್ತ ಇಲಿಯನ್ನು ಎತ್ತುವಂತೆ ಡಾಕ್ಟರ್ ಝೆರ್ವಾಲಿ ಆ ಬೇರಿನ ಪೊಟ್ಟಣವನ್ನು ಎರಡೇ ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದ.

"ಸಕ್ಕರೆ ಕಾಯಿಲೆ ನಿಮ್ಮ ಕಿಡ್ನಿಯನ್ನ ಅರ್ಧ ತಿಂದಿದೆ, ಅಲ್ಲಾಲ್ ಅವರೇ. ಉಳಿದರ್ಧ ಈ ಬೇರು ತಿನ್ನುತ್ತೆ. ಸಂತೆಯಲ್ಲಿ ಯಾವ ಕತ್ತೆ ಕೊಟ್ಟ ಇದನ್ನ?"

ಅಲ್ಲಾಲ್ ಊದಿದ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ತಾಝಾ ಊರಿನಿಂದ ಉಜ್ದಾವರೆಗೆ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಒಮ್ಮೆ ತಿರುಗಿಸಿದ ಚಕ್ರವನ್ನು ಹಿಂದಕ್ಕೆ ತಿರುಗಿಸುವವನಲ್ಲ. ಮಾತ್ರೆ ಮುಟ್ಟುವುದಿಲ್ಲ ಎಂದಷ್ಟೇ ಮತ್ತೆ ಹೇಳಿದ. ಅವನ ಅಣ್ಣ ಇದೇ ಆಸ್ಪತ್ರೆಯ ಮಾತ್ರೆ ನುಂಗಿ, ಕೊನೆಗೆ ರಕ್ತ ತೊಳೆಯುವ ಯಂತ್ರಕ್ಕೆ ಕಟ್ಟಿಸಿಕೊಂಡು ಸತ್ತಿದ್ದ. ಅಣ್ಣ ಮಾತ್ರೆ ಶುರು ಮಾಡಿದ್ದೇ ತಡವಾಗಿ ಎಂದು ಮಗಳು ನುಝಾ ಎಷ್ಟು ಹೇಳಿದರೂ ಅದು ಅವನ ತಲೆಗೆ ಇಳಿದಿರಲಿಲ್ಲ.

ನುಝಾ ಫೆಸ್‌ನ ವಿಶ್ವವಿದ್ಯಾಲಯದಲ್ಲಿ ಔಷಧಿ ಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅಪ್ಪನ ಪಕ್ಕ ಕೂತಿದ್ದವಳು ಅದನ್ನು ಹೇಳಿಕೊಂಡು, ಗಿಡಗಳೆಲ್ಲ ವಿಷವಲ್ಲ ಎಂದು ಮೆಲ್ಲಗೆ ಬಾಯಿ ಹಾಕಿದಳು.

ಡಾಕ್ಟರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓಹೋ, ಇಲಿಗೆ ಮೆಂತ್ಯ ತಿನ್ನಿಸಿ ದೊಡ್ಡವರಾಗೋ ಪೈಕಿನಾ ನೀವು?"

ಹೊರಗೆ ಕಾಯುತ್ತಿದ್ದವರು ನಕ್ಕಿದ್ದು ಕೇಳಿಸಿತು. ನುಝಾಳ ಕಿವಿ ಬಿಸಿಯಾಯಿತು. ಇಂಥ ಸೊಕ್ಕಿನ ಮನುಷ್ಯ ಕಾಯಿಲೆಯವರ ಮೈ ಮುಟ್ಟುವುದೇ ತಪ್ಪು ಅನ್ನಿಸಿತು.

ಅಪ್ಪ ಮಗಳು ಎದ್ದರು. ಝೆರ್ವಾಲಿಯ ದನಿ ಓಣಿಯ ತುದಿಗೂ ಮುಟ್ಟುವಷ್ಟು ಏರಿತು. "ಬಣ್ಣಗಾರರ ಬೀದಿಯ ಕೊನೆಗೆ ಹಸಿರು ಬಾಗಿಲಿನ ಅಂಗಡಿ ಇದೆ. ಬೂಸೆಲ್ಹಾಮ್ ಅಂತ. ಈ ಊರಿನ ಸೊಪ್ಪು ಮಾರೋ ಕಳ್ಳರಿಗೆಲ್ಲ ಅವನೇ ಗುರು. ಅಪ್ಪಿತಪ್ಪಿ ಆ ಕಡೆ ಕಾಲಿಡಬೇಡಿ."

ಅಲ್ಲಾಲ್ ಆಸ್ಪತ್ರೆಯಿಂದ ನೆಟ್ಟಗೆ ಅಲ್ಲಿಗೇ ಹೋದ.

ಬೂಸೆಲ್ಹಾಮ್ ಲವಂಗ ಅಗಿಯುತ್ತ ಕೂತಿದ್ದ. ಯಾರು ಬೈದರೆಂದು ಕೇಳಿ ಖುಷಿಯಿಂದ ಉಗಿದ. "ಆ ಬಿಳಿ ಕೋಟಿನವನಾ? ಪುದೀನಕ್ಕೂ ಹುಲ್ಲಿಗೂ ವ್ಯತ್ಯಾಸ ಗೊತ್ತಿಲ್ಲ ಅವನಿಗೆ. ಪ್ರತಿ ತಿಂಗಳು ಅವನ ಹತ್ರಾನೇ ರಕ್ತ, ಉಚ್ಚೆ ಪರೀಕ್ಷೆ ಮಾಡಿಸ್ಕೊಂಡು ಬಾ. ಸೋತಿದ್ದು ಅವನೇ ಕಣ್ಣಾರೆ ನೋಡ್ಲಿ. ಅದಿಲ್ಲದೆ ನನ್ನ ಪುಡಿ ಸಿಗಲ್ಲ."

ಬೇರೆ ಯಾರ ಬೇರು, ಸೊಪ್ಪನ್ನೂ ಮುಟ್ಟಬಾರದು, ಚಹಾಕ್ಕೆ ಸಕ್ಕರೆ ಬಿಡಬೇಕು, ಉಪ್ಪು ಕಡಿಮೆ ಮಾಡಬೇಕು ಎಂದೂ ಕಟ್ಟು ಹಾಕಿದ. ಡಾಕ್ಟರು ಹೇಳಿದಾಗ ಕಿವಿಗೆ ಹಾಕಿಕೊಳ್ಳದ ಅಲ್ಲಾಲ್ ಇವನ ಮುಂದೆ ತಲೆಯಾಡಿಸಿದ. ಪುಡಿಯಲ್ಲಿ ಏನಿದೆ ಎಂದು ನುಝಾ ಕೇಳಿದಳು. ಮೆಂತ್ಯ, ಆಲಿವ್ ಎಲೆ, ಮತ್ತೆ ಬೆಟ್ಟದ ಮೇಲಿನ ಒಂದು ಗಿಡ ಎಂದ. ಗಿಡದ ಹೆಸರು ಮಾತ್ರ ಹೇಳಲಿಲ್ಲ.

ಮೂತ್ರದ ನೊರೆ ಮೊದಲು ಕಡಿಮೆಯಾಯಿತು. ಆಮೇಲೆ ಪಾದದ ಊತ ಇಳಿದು ಹಳೆಯ ಚಪ್ಪಲಿ ಕಾಲಿಗೆ ಹಿಡಿಸಿತು. ನಡುವೆ ಒಂದು ಒಣ ಕೆಮ್ಮು ಅಂಟಿಕೊಂಡಾಗ ಝೆರ್ವಾಲಿ ಕೂಗಾಡಿದ: "ಹೋಗಿ ಹೇಳಿ ಆ ಕಳ್ಳನಿಗೆ, ಅವನ ಬೂದಿ ತಿಂದು ಕೆಮ್ಮು ಬಂದಿದೆ ಅಂತ." ಅಲ್ಲಾಲ್ ಹೋಗಿ ಹೇಳಿದ. ಬೂಸೆಲ್ಹಾಮ್ ಪುಡಿ ಬದಲಿಸಿದ. ಕೆಮ್ಮು ಹೋಯಿತು.

ಪರೀಕ್ಷೆಯ ಫಲ ಸುಧಾರಿಸಿದಷ್ಟೂ ಝೆರ್ವಾಲಿ ಮುಖ ಸಿಂಡರಿಸುತ್ತಿದ್ದ. ಎಲ್ಲ ಆಕಸ್ಮಿಕ ಎನ್ನುತ್ತಿದ್ದ. ನುಝಾಳಿಗೆ ಆ ಮುಖ ನೋಡುವುದೇ ಹಬ್ಬ. ಬೆಟ್ಟದ ಆ ಗಿಡವನ್ನು ಕಂಡುಹಿಡಿದು, ಜಗತ್ತಿಗೆ ತೋರಿಸಿ, ಈ ಮನುಷ್ಯನ ಬಾಯಿ ಮುಚ್ಚಿಸುವ ದಿನಕ್ಕಾಗಿ ಅವಳು ಬದುಕುತ್ತಿದ್ದಳು. ಅಪ್ಪನ ಪೊಟ್ಟಣದಿಂದ ಒಂದು ಚಮಚ ಪುಡಿ ಕದ್ದು ಪ್ರಯೋಗಾಲಯಕ್ಕೆ ಒಯ್ದಳು.

ಮೆಂತ್ಯ ಇತ್ತು. ಆಲಿವ್ ಎಲೆ ಇತ್ತು. ಮೂರನೆಯದು ಯಾವ ಬೆಟ್ಟದಲ್ಲೂ ಬೆಳೆಯುವಂಥದ್ದಲ್ಲ. ರಕ್ತದೊತ್ತಡ ಇಳಿಸಿ ಕಿಡ್ನಿ ಕಾಯುವ, ಔಷಧಿ ಅಂಗಡಿಯಲ್ಲಿ ಸಿಗುವ ಮಾತ್ರೆ. ಅಪ್ಪ ಬೇಡವೆಂದು ತಳ್ಳಿದ ಮಾತ್ರೆಗಳ ಜಾತಿಯದೇ. ಬೂಸೆಲ್ಹಾಮ್ ಅದನ್ನು ನುಣ್ಣಗೆ ಅರೆದು ಬೆರೆಸಿದ್ದ.

ನುಝಾ ಮತ್ತೊಮ್ಮೆ ಪರೀಕ್ಷಿಸಿದಳು. ಅದೇ ಬಂತು. ಇಷ್ಟು ದಿನ ಮನಸ್ಸಿನಲ್ಲೇ ಪೂಜಿಸಿದ ಗಿಡ ಇರಲೇ ಇಲ್ಲ.

ಅಂಗಡಿಗೆ ಹೋಗಿ ಕೇಳಿದಾಗ ಬೂಸೆಲ್ಹಾಮ್ ಅಲ್ಲಗಳೆಯಲಿಲ್ಲ. ಲವಂಗವನ್ನು ಬಾಯಿಯ ಇನ್ನೊಂದು ಕಡೆಗೆ ಸರಿಸಿದ. "ಓದಿದವಳು, ಹಿಡಿದೆ. ಅಪ್ಪನಿಗೆ ಹೇಳು ಹೋಗು. ನಾಳೆಯಿಂದ ನಿಲ್ಲಿಸ್ತಾನೆ. ಆಮೇಲೆ?"

ಆಮೇಲೆ ಏನೆಂದು ಅವಳಿಗೆ ಗೊತ್ತಿತ್ತು. ಅದು ಇನ್ನಷ್ಟು ಸಿಟ್ಟು ತರಿಸಿತು. ಜನರ ನಂಬಿಕೆ ತಿಂದು ಬದುಕುವ ಹುಳು ನೀನು ಎಂದಳು. ಯಾರಿಗೆ ಎಷ್ಟು ಕೊಡಬೇಕೆಂಬ ಅರಿವಿಲ್ಲದೆ ಮಾತ್ರೆ ಅರೆದು ಹಂಚುವುದು ಕೊಲೆ ಎಂದಳು.

"ಹಂಗಾದ್ರೆ ಆ ಬಿಳಿ ಕೋಟಿನವನ ಹತ್ರ ದೂರು ಕೊಡು," ಎಂದ ಬೂಸೆಲ್ಹಾಮ್. "ನನ್ನ ಮೇಲೆ ಅವನಿಗಿರೋ ಪ್ರೀತಿ ಊರಿಗೇ ಗೊತ್ತಲ್ಲ."

ಅವಳು ಹಾಗೇ ಮಾಡಿದಳು. ಝೆರ್ವಾಲಿಯ ಮುಂದೆ ಸೋಲು ಒಪ್ಪಿಕೊಳ್ಳುವುದು ಕಹಿಯಾಗಿತ್ತು. ಆದರೆ ಇಬ್ಬರಲ್ಲಿ ಇವನು ಸೊಕ್ಕಿನವನಾದರೂ ಮೋಸಗಾರನಲ್ಲ ಎಂದು ಸಮಾಧಾನ ಮಾಡಿಕೊಂಡಳು. ಪ್ರಯೋಗಾಲಯದ ಫಲವನ್ನು ಅವನ ಮೇಜಿನ ಮೇಲಿಟ್ಟು, ನೀವು ಹೇಳಿದ್ದೇ ಸರಿ, ಆತ ಕಳ್ಳ, ಪೊಲೀಸರಿಗೆ ಹಿಡಿದು ಕೊಡಿ ಎಂದಳು.

ಝೆರ್ವಾಲಿ ಓದಿದ. ನಗಲಿಲ್ಲ, ಬೈಯಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದ. ಅವಳು ಅವನಿಂದ ಒಮ್ಮೆಯೂ ಕೇಳಿರದ ಮೆಲುದನಿಯಲ್ಲಿ ಕೇಳಿದ:

"ಪ್ರಮಾಣ ಸರಿಯಾಗಿದೆಯೇನಮ್ಮಾ? ನಾನು ಬೂಸೆಲ್ಹಾಮನಿಗೆ ಹೇಳಿದ್ದು ದಿನಕ್ಕೆ ಅರ್ಧ ಮಾತ್ರೆ."