ಏಕವಚನ

ನೀಲವ್ವ ಅಡಿಯಿಂದ ಮುಡಿಯವರೆಗೆ ಹಳೆಯ ಆವೃತ್ತಿಯವಳು. ಅವಳ ಕಿವಿಗಳು ಕೆಟ್ಟಿದ್ದವು; ಆ ಆವೃತ್ತಿಯ ಕಿವಿಗಳು ಈಗ ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಮಗಳು ಮಹಾನಂದಾ ಅವಳನ್ನು ನವಲಗುಂದದ ಬಸ್‌ಸ್ಟ್ಯಾಂಡ್ ಎದುರಿನ ರಿಪೇರಿ ಅಂಗಡಿಗೆ ಕರೆತಂದಿದ್ದಳು.

“ಕಿವಿ ಅಷ್ಟ ಹೊಸಾದು ಹಾಕ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.”

“ಹೊಸಾ ಕಿವಿ ಹಳೇ ನಾಲಗಿ ಜೋಡಿ ಹೊಂದೂದಿಲ್ರೀ ಅಕ್ಕಾರ,” ಎಂದ ಅಂಗಡಿಯ ಈರಪ್ಪ. “ನಾಲಗೀನೂ ಹೊಸಾದು ಬೇಕಾಗ್ತೈತಿ.”

ವರ್ಷಗಟ್ಟಲೆ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದ ಮಹಾನಂದಾ ಹೂಂ ಅಂದುಬಿಟ್ಟಳು.

ಕೆಲಸ ಮುಗಿದಾಗ ನೀಲವ್ವ ಕಣ್ಣು ಬಿಟ್ಟು ಮಗಳನ್ನು ನೋಡಿ ನಕ್ಕಳು. “ಊಟ ಮಾಡಿದಿರಾ?” ಎಂದಳು. ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಮತ್ತೆ ತೆರೆದರೂ ಅದೇ ಬಂತು: “ಮಾಡಿದಿರಾ?”

ಹೊಸ ನಾಲಿಗೆಯಲ್ಲಿ ‘ನೀನು’ ಇರಲಿಲ್ಲ. ಯಾರೂ ಬಳಸುತ್ತಿಲ್ಲವೆಂದು ತಯಾರಕರು ಅದನ್ನು ತೆಗೆದುಹಾಕಿದ್ದರು.

“ಹಳೇ ನಾಲಗೀನ ಹಾಕ್ರಿ!” ಮಹಾನಂದಾ ಚೀರಿದಳು.

“ಹಾಕತೀನ್ರಿ. ಕಿವಿ ಹೋಗ್ತಾವ.”

ಅವಳು ಅಳುತ್ತಿದ್ದ ತಾಯಿಯ ಕೈ ಹಿಡಿದು ಪಕ್ಕದಲ್ಲಿ ಕೂತಳು. “ಯವ್ವಾ, ನೀ ಅಳಬ್ಯಾಡಬೇ,” ಎಂದು ಪಿಸುಗುಟ್ಟಿದಳು.

ಆ ಪಿಸುಮಾತು ನೀಲವ್ವನಿಗೆ ಸ್ಪಷ್ಟವಾಗಿ ಕೇಳಿಸಿತು. ಮಗಳ ಕೆನ್ನೆ ಒರೆಸುತ್ತಾ ಅವಳೆಂದಳು:

“ನೀವೂ ಅಳಬೇಡಿ.”