ವೈರಿನ ಮೇಲಿನ ಟವೆಲು

ಅಕ್ಕೂರಿನಲ್ಲಿ ಯೋಗಾನಂದನೆಂಬ ಅಣ್ಣನಿದ್ದನಂತೆ. ತಂಗಿ ಪದ್ಮಶ್ರೀಯ ಕಂಪ್ಯೂಟರಿಗೆ ನೆಟ್ ಬರಿಸಿಕೊಡುತ್ತೇನೆಂದು ಮಾತು ಕೊಟ್ಟವನು ಮಂಚ ಬಿಟ್ಟು ಎದ್ದೇ ಇಲ್ಲವಂತೆ. ಅವಳ ಕೆಲಸದ ಅರ್ಜಿಗೆ ಇವತ್ತೇ ಕೊನೆ ದಿನ.

"ರೂಟರ್ ಚೆನ್ನಾಗೈತೆ, ನನ್ನ ಫೋನಿಗೆ ಬತ್ತಾ ಇಲ್ವಾ? ನಿನ್ನ ಕಂಪ್ಯೂಟರೇ ಗುಜರಿ ಕಣಮ್ಮಿ," ಎಂದ, ಫೋನಿನಲ್ಲಿ ಓಡುತ್ತಿದ್ದ ಕ್ರಿಕೆಟ್ಟಿನಿಂದ ಕಣ್ಣು ಕೀಳದೆ.

ಪದ್ಮಶ್ರೀ ಕಂಪ್ಯೂಟರಿನ ವೈರು ಹಿಡಿದುಕೊಂಡೇ ಗೋಡೆಯುದ್ದಕ್ಕೂ ನಡೆದಳು. ರೂಟರಿನ ಹತ್ತಿರ ಬಂದವಳಿಗೆ ಮೈಯೆಲ್ಲ ಉರಿದುಹೋಯಿತು. ವೈರಿನ ಮೇಲೆ ಅಣ್ಣನ ಒದ್ದೆ ಟವೆಲು ಒಣಗುತ್ತಿತ್ತು. ಅದರ ಭಾರಕ್ಕೆ ವೈರಿನ ತುದಿ ರೂಟರಿನಿಂದ ಕಳಚಿಕೊಂಡು ಜೋತಾಡುತ್ತಿತ್ತು.

"ನನ್ನ ಬಾಳೇನು ನಿನ್ನ ಟವೆಲ್ ಒಣಗಾಕೋ ಹಗ್ಗ ಅಂದ್ಕೊಂಡ್ಯೇನಣ್ಣ?" ಎಂದು ಟವೆಲನ್ನು ಅವನ ಮುಖಕ್ಕೇ ಎಸೆದಳು.

"ಬುಡಮ್ಮಿ, ನಾನೇ ಮಾಡ್ಕೊಡ್ತಿದ್ದೆ," ಎಂದು ಟವೆಲಿನೊಳಗಿಂದ ದನಿ ಬಂತು. ಅವಳು ವೈರಿನ ತುದಿಯನ್ನು ಟಿಕ್ ಎನ್ನುವಂತೆ ಒತ್ತಿ, ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತಳು. ನೆಟ್ ಬಂತು, ಅರ್ಜಿಯೂ ಹೊತ್ತಿಗೆ ಸರಿಯಾಗಿ ಹೋಯಿತು.