ಮೆರವಣಿಗೆಯ ಕೆಂಪು ಕಾರು

ಮದುವೆ ಮೆರವಣಿಗೆಯ ಬಾಡಿಗೆ ಆರು ಸಾವಿರ. ಇಂಜಿನ್ ಸುಟ್ಟರೆ ರಿಪೇರಿಗೆ ಎರಡು ಲಕ್ಷ. ರಾಜಾರಾಮ ದಣಿದ ಕಣ್ಣಿನಿಂದ ತನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಎಣ್ಣೆಯ ಶಾಖ ತೋರಿಸುವ ಮುಳ್ಳನ್ನೇ ನೋಡುತ್ತಿದ್ದ. ಗಾಳಿಯಿಂದಲೇ ತಣಿಯುವ ಇಂಜಿನ್ನಿಗೆ ಟ್ರಾಫಿಕ್ಕಿನಲ್ಲಿ ನೂರಾಹತ್ತು ಡಿಗ್ರಿ ಸಹಜ. ಈಗ ನೂರಾಮೂವತ್ತು. ಜೋರಾಪುರ ಪೇಟೆಯಲ್ಲಿ ಬ್ಯಾಂಡಿನ ಮುಂದೆ ಕುಣಿಯುವವರು ಮುಂದೆ ಸರಿಯುತ್ತಲೇ ಇರಲಿಲ್ಲ. ಅವನು ಇಂಜಿನ್ ಆರಿಸಿದ.

ಮದುಮಗನ ಸೋದರಮಾವ ಕರೆಪ್ಪ ಓಡಿಬಂದ. "ಯಾಕ ನಿಲ್ಲಿಸಿದ್ರಿ? ಒಂದ ಕೊಡ ನೀರ ಸುರದು ಚಾಲೂ ಮಾಡ್ರಿ. ಇಲ್ಲಾಂದ್ರ ರೊಕ್ಕ ಕೊಡಂಗಿಲ್ಲ."

"ಕಾದದ್ದಕ್ಕ ನೀರ ಬಿದ್ರ ಸೀಳತೈತ್ರಿ. ಅರ್ಧಾ ತಾಸು ಆರಲಿ."

"ಅಲ್ಲೀತನಕ ಮುಹೂರ್ತಕ್ಕ ನೀವ ಹೇಳ್ತೀರೇನು, ನಿಲ್ಲು ಅಂತ?"

ಇಂಜಿನ್ನಿರುವ ಹಿಂಬದಿಯಲ್ಲೇ ಕುಳಿತಿದ್ದ ಮದುಮಗಳು ಆಮ್ರಪಾಲಿ ನೆರಿಗೆ ಹಿಡಿದು ಕೆಳಗಿಳಿದಳು. "ಜಗಳ ಬಿಡ್ರಿ ಮಾವಾರ. ನನ್ನ ಬೆನ್ನೂ ಸುಡಾಕತ್ತೈತಿ. ನಡಕೊಂಡ ಹೋಗೂಣ."

ಮದುಮಗ ನಗುತ್ತ ಅವಳ ಹಿಂದೆ ಇಳಿದ. ಕರೆಪ್ಪ ರೊಕ್ಕದ ಮಾತೆತ್ತದೆ ಅವರ ಜೊತೆ ನಡೆದ. ರಾಜಾರಾಮನ ಬಾಡಿಗೆ ಹೋಯಿತು, ಇಂಜಿನ್ ಉಳಿಯಿತು.